ನಾಲ್ಕು ಬೆರಳು ಕೊಸರು

ಲಾರಿಯಿಂದ ಮಾಡ್ಯೂಲನ್ನು ಇಳಿಸಿದ ಕ್ರೇನಿನವನು ಅದರ ಸುತ್ತ ಒಂದು ಸುತ್ತು ಬಂದು, "ಇಷ್ಟೇನಾ ಮೇಡಂ? ಉಳಿದಿದ್ದು ಇನ್ನೊಂದ್ ಗಾಡೀಲಿ ಬತ್ತದಾ?" ಎಂದು ಕೇಳಿದ. ಇಷ್ಟೇ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಕಬ್ಬಿಣದ ಚೌಕಟ್ಟಿನೊಳಗೆ ನಾಲ್ಕು ಪಂಪು, ಒಂದಷ್ಟು ಸಣ್ಣ ಕೊಳವೆ, ಒಂದಕ್ಕೊಂದು ಒತ್ತಿ ಬಿಗಿದ ಹನ್ನೆರಡು ಫಲಕ. ಎಲ್ಲ ಸೇರಿ ಮನೆಯ ಬಟ್ಟೆ ಬೀರುವಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅದರ ಹಿಂದೆ ಶೆಡ್ಡಿನೊಳಗೆ ತಲಾ ಮೂರು ಸಾವಿರ ಲೀಟರಿನ ಮೂರು ಹಳೇ ರಿಯಾಕ್ಟರುಗಳು ನಿಂತಿದ್ದವು. ಆ ಮೂರರ ಕೆಲಸವನ್ನೂ ಇನ್ನು ಮುಂದೆ ಈ ಬೀರು ಮಾಡಬೇಕಿತ್ತು.

ನಾನು ತುಮಕೂರಿನ ಹೊರವಲಯದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಪ್ರೊಸೆಸ್ ಎಂಜಿನಿಯರ್. ಹುಟ್ಟಿದ್ದು ಗುಬ್ಬಿ, ಮನೆ ಶೆಟ್ಟಿಹಳ್ಳಿಯಲ್ಲಿ. ನಾವು ತಯಾರಿಸುವ ಪುಡಿ ಒಂದು ಔಷಧಿ ಕಂಪನಿಗೆ ಹೋಗುತ್ತದೆ, ಅವರು ಅದರಿಂದ ಮಾತ್ರೆ ಮಾಡುತ್ತಾರೆ. ನಡುವೆ ಬರುವ ಒಂದು ಹಂತಕ್ಕೆ ಡಯಾಜೊ ಎಂದು ಹೆಸರು. ಅಮೈನ್ ಎಂಬ ವಸ್ತುವನ್ನು ಆಸಿಡ್‌ನಲ್ಲಿ ಕರಗಿಸಿ, ಐಸ್ ಹಾಕಿ ಐದು ಡಿಗ್ರಿಗಿಂತ ಕೆಳಕ್ಕೆ ತಂದು, ನೈಟ್ರೈಟ್ ನೀರನ್ನು ಸಣ್ಣಗೆ ಬಿಡಬೇಕು. ಆಗ ಹುಟ್ಟುವ ಡಯಾಜೊ ತಣ್ಣಗಿರುವಷ್ಟು ಹೊತ್ತು ಸಾಧು. ಬಿಸಿಯಾದರೆ ಗ್ಯಾಸ್ ಬಿಟ್ಟು ಉಕ್ಕುತ್ತದೆ, ಒಣಗಿದರೆ ಸಿಡಿಯುತ್ತದೆ. ಅಂಥದ್ದನ್ನು ಸಾವಿರಗಟ್ಟಲೆ ಲೀಟರ್ ಒಂದೇ ಪಾತ್ರೆಯಲ್ಲಿ ತುಂಬಿಟ್ಟುಕೊಂಡು ನಾವು ವರ್ಷಾನುಗಟ್ಟಲೆ ಊಟ ತಿಂಡಿ ಮಾಡಿಕೊಂಡಿದ್ದೆವು.

ಹಿಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಜನರೇಟರ್ ಕೈಕೊಟ್ಟು, ಎರಡನೇ ರಿಯಾಕ್ಟರಿನ ಕಲಕುವ ರೆಕ್ಕೆ ನಿಂತುಹೋಯಿತು. ಉಷ್ಣಮಾಪಕದ ಮುಳ್ಳು ಹದಿಮೂರು ಡಿಗ್ರಿಯವರೆಗೆ ಏರಿತು. ಸೈರನ್ ಕೇಳಿ ನಾವೆಲ್ಲ ಗೇಟಿನ ಹತ್ತಿರ ಓಡಿದೆವು. ಓಡದೆ ಮೇಲಿನ ಕಟ್ಟೆಯ ಮೇಲೇ ನಿಂತವರು ಒಬ್ಬರೇ, ನಮ್ಮ ಹಿರಿಯ ಆಪರೇಟರ್. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವರು. "ಹಾಕ್ರಲಾ ಐಸು, ನೋಡ್ತಾ ನಿಂತ್ಕಂಡ್ರೆ ತಣ್ಣಗಾಗ್ತದೇನ್ಲಾ!" ಎಂದು ಅವರು ಕೂಗುತ್ತಿದ್ದದ್ದು ಗೇಟಿಗೆ ಕೇಳಿಸುತ್ತಿತ್ತು. ಐಸ್ ಒಡೆಯುವ ಹುಡುಗರಲ್ಲಿ ನಾಲ್ವರು ವಾಪಸ್ ಓಡಿ ಹೋಗಿ ಇದ್ದಬದ್ದ ಗಡ್ಡೆಗಳನ್ನೆಲ್ಲ ಒಳಗೆ ಸುರಿದರು. ಬ್ಯಾಚ್ ಉಳಿಯಿತು, ಶೆಡ್ಡೂ ಉಳಿಯಿತು. ನಾನು ಮಾತ್ರ ಗೇಟಿನಲ್ಲೇ ಇದ್ದೆ. ನಿಯಮದ ಪ್ರಕಾರ ಅದೇ ಸರಿ, ಆದರೂ ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆ.

ಮಾಡ್ಯೂಲಿನ ಹಿಂದೆ ನಾನು ಬಿದ್ದದ್ದು ಅಲ್ಲಿಂದ. ಅದರೊಳಗೆ ದ್ರವಗಳು ಎರಡು ಮಿಲಿಮೀಟರಿನ ಕಾಲುವೆಗಳಲ್ಲಿ ಹರಿಯುತ್ತಲೇ ಸೇರಿ, ಹರಿಯುತ್ತಲೇ ತಣ್ಣಗಾಗಿ, ಹರಿಯುತ್ತಲೇ ಮುಂದಿನ ಹಂತಕ್ಕೆ ಹೋಗುತ್ತವೆ. ಯಾವ ಗಳಿಗೆಯಲ್ಲಿ ನೋಡಿದರೂ ಒಳಗಿರುವ ಡಯಾಜೊ ಎರಡು ಲೀಟರ್ ಮೀರುವುದಿಲ್ಲ. ಐಸ್ ಬೇಡ, ತಂಪು ಮಾಡಲು ಹಿಂದೆ ಕೂರಿಸಿದ ಚಿಲ್ಲರ್ ಸಾಕು. ಈ ಮಾತನ್ನು ಇವತ್ತೂ ಹೇಳುತ್ತೇನೆ: ಅದು ಒಳ್ಳೆಯ ಯಂತ್ರ. ನನ್ನ ಜಗಳ ಯಂತ್ರದ ಜೊತೆ ಅಲ್ಲ.

ಮಂಜೂರಾತಿಗೆ ಕಳಿಸಿದ ಪ್ರಸ್ತಾವವನ್ನು ಬರೆದವಳು ನಾನೇ. ಅದರ ಕೊನೆಯಲ್ಲಿ 'ಮಾನವಶಕ್ತಿ' ಎಂದು ಒಂದು ಪುಟ. ಈಗ ಒಂದು ಪಾಳಿಗೆ ಹದಿನಾಲ್ಕು ಜನ, ಮುಂದೆ ಮೂವರು. ಆ ಮೂವರ ಅರ್ಹತೆ ಏನು ಎಂಬ ಕಲಂಗೆ ಯಂತ್ರ ಕೊಟ್ಟ ಪುಣೆಯ ಕಂಪನಿಯ ಕೈಪಿಡಿಯಲ್ಲಿ ಇದ್ದ ಸಾಲನ್ನೇ ಎತ್ತಿ ಹಾಕಿದೆ: ಡಿಪ್ಲೊಮಾ ಕಡ್ಡಾಯ. ಬರೆಯುವಾಗ ಯಾರ ಮುಖವೂ ನನ್ನ ಕಣ್ಣ ಮುಂದೆ ಬರಲಿಲ್ಲ. ಟೀ ಆರುವುದರೊಳಗೆ ಪುಟ ಮುಗಿದಿತ್ತು.

ಮುಖ ಎದುರಿಗೆ ಬಂದದ್ದು ಮಾಡ್ಯೂಲನ್ನು ಅಡಿಪಾಯದ ಮೇಲೆ ಕೂರಿಸಿದ ದಿನ. ಹಿರಿಯ ಆಪರೇಟರ್ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತರು.

"ಚೆನ್ನಾಗದೆ ಮೇಡಂ. ನಮ್ದೆಲ್ಲ ಇನ್ ಮುಗೀತು ಅನ್ನಿ."

"ಹಂಗೆಲ್ಲ ಅನ್ಬೇಡಿ. ಐಸ್ ಕೆಲಸ ಹೋಗತ್ತೆ, ನಿಜ. ನಿಮಗೇನೂ ಆಗಲ್ಲ. ನಿಮ್ಮನ್ನ ಪ್ಯಾನೆಲ್‌ಗೆ ಹಾಕ್ತೀವಿ."

"ಆ ಕಂಪ್ಯೂಟ್ರು ನಂಗ್ ಬತ್ತದಾ?"

"ನಾನಿದೀನಲ್ಲ, ಕಲಿಸ್ತೀನಿ."

"ಇನ್ ನಾಕ್ ವರ್ಷ ಮೇಡಂ. ಅಷ್ಟ್ ಕಳುದ್ರೆ ಸಾಕು," ಎಂದರು. ಮೊಮ್ಮಗಳ ಕಿವಿಗೆ ಆಪರೇಷನ್ ಆಗಬೇಕಿದೆ, ಅದು ಕಂಪನಿಯ ವಿಮೆಯಲ್ಲೇ ಆಗುವುದು, ಕೆಲಸ ಇದ್ದರೆ ವಿಮೆ. ಅದನ್ನೂ ಹೇಳಿದರು. ಮಾತು ಕೊಡಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಆದರೂ ಕೊಟ್ಟೆ, ಮನಸ್ಸಿಟ್ಟೇ ಕೊಟ್ಟೆ.

ಮೊದಲು ಬರೀ ನೀರು ಹರಿಸಿ ನೋಡಿದೆವು. ಸೋರಿಕೆ ಇಲ್ಲ, ಒತ್ತಡ ಸರಿಯಾಗಿದೆ. ಪುಣೆಯಿಂದ ಬಂದಿದ್ದ ಎಂಜಿನಿಯರ್ ಹೆಬ್ಬೆರಳು ಎತ್ತಿದ. ಮರುದಿನ ನಿಜವಾದ ಮಾಲು ಬಿಟ್ಟೆವು. ಅಮೈನ್, ಆಸಿಡ್, ನೈಟ್ರೈಟ್ ಎಲ್ಲವೂ ಹಳೇ ರಿಯಾಕ್ಟರಿಗೆ ಸುರಿದದ್ದರ ಅಳತೆ ಬರೆದಿಡುವ ನಮ್ಮ ಬ್ಯಾಚ್ ಶೀಟಿನಲ್ಲಿದ್ದ ಪ್ರಮಾಣದಲ್ಲೇ. ಮೊದಲ ಎರಡು ಗಂಟೆ ಹೊರಗೆ ಬಂದ ದ್ರವ ತಿಳಿ ಕಷಾಯದ ಹಾಗೆ ಇತ್ತು. ಮೂರನೇ ಗಂಟೆಗೆ ಒತ್ತಡ ಏರತೊಡಗಿತು. ನಾಲ್ಕನೆಯದು ತುಂಬುವ ಮೊದಲೇ ಯಂತ್ರ ತಾನಾಗಿ ನಿಂತಿತು.

ಫಲಕಗಳನ್ನು ಬಿಚ್ಚಿದಾಗ ಕಾಲುವೆಗಳ ತುಂಬ ಹಳದಿ ಅಂಟು. ಅದನ್ನು ಒಣಗಲು ಬಿಡುವ ಹಾಗಿಲ್ಲ. ತಣ್ಣೀರು ಹರಿಸುತ್ತಲೇ, ಮರದ ಕಡ್ಡಿ ಮತ್ತು ಮೆತ್ತನೆ ಬ್ರಷ್ಷಿನಿಂದ, ಹನ್ನೆರಡು ಫಲಕದ ಒಂದೊಂದು ಗೆರೆಯನ್ನೂ ತೊಳೆಯಬೇಕು. ಲೋಹದ ಚೂರು ಕೂಡ ತಾಗಿಸಬಾರದು. ನಾನು, ಪುಣೆಯವನು, ಹಿರಿಯ ಆಪರೇಟರ್, ಮೂವರೂ ಕೂತು ತೊಳೆದೆವು. ಒಂದು ಪಾಳಿಯೇ ಅದಕ್ಕೆ ಹೋಯಿತು. ಹಳದಿ ನೀರು ಚರಂಡಿ ಸೇರದ ಹಾಗೆ ಡ್ರಮ್ಮಿಗೆ ಹಿಡಿಯುತ್ತ ಅವರು ತಲೆ ಎತ್ತದೆ ಹೇಳಿದರು.

"ಆಸಿಡ್ ಸಾಲ್ದು ಅನ್ಸ್ತದೆ ಮೇಡಂ ಇದುಕ್ಕೆ."

"ಅದನ್ನೆಲ್ಲ ಲೆಕ್ಕ ಹಾಕೇ ಬಿಟ್ಟಿರೋದು. ನಿಮ್ಮ ಬ್ಯಾಚ್‌ಗೆ ಎಷ್ಟೋ ಇದಕ್ಕೂ ಅಷ್ಟೇ."

ಅವರು ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದು, "ಹಂಗಾರೆ ಸರಿ ಬುಡಿ," ಎಂದು ಬ್ರಷ್ ಎತ್ತಿಕೊಂಡರು. ಅಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳಿದ್ದರೆ ಎರಡು ವಾರ ಉಳಿಯುತ್ತಿತ್ತು. ನನಗೆ ಕೇಳಬೇಕು ಎನಿಸಲಿಲ್ಲ. ಓದಿಕೊಂಡವಳು ನಾನು, ಬ್ರಷ್ ಹಿಡಿದವರು ಅವರು.

ಆ ಎರಡು ವಾರ ಒಂದೇ ಪಾಡು. ಬೆಳಿಗ್ಗೆ ಓಡಿಸುವುದು, ಮಧ್ಯಾಹ್ನದ ಹೊತ್ತಿಗೆ ಕಟ್ಟಿಕೊಳ್ಳುವುದು, ಸಂಜೆವರೆಗೆ ತೊಳೆಯುವುದು. ಉಷ್ಣತೆ ಇಳಿಸಿದೆವು, ಏರಿಸಿದೆವು. ಹರಿವು ಜೋರು ಮಾಡಿದೆವು. ಮುಂದೆ ಒಂದು ಸೋಸುವ ಜಾಲರಿ ಹಾಕಿದರೆ ಜಾಲರಿಯೇ ಮೊದಲು ಕಟ್ಟಿಕೊಂಡಿತು. ಪುಣೆಯವನು ಫಲಕಗಳನ್ನು ಅದುರಿಸುವ ಒಂದು ಸಾಧನ ತರಿಸಿದ. ಅದರಿಂದ ಆದ ಉಪಕಾರ ಅಂದರೆ ಮೂರೂವರೆ ಗಂಟೆ ಓಡುತ್ತಿದ್ದದ್ದು ನಾಲ್ಕೂವರೆ ಗಂಟೆ ಓಡಿ ನಿಂತದ್ದು. ಹಳದಿ ಅಂಟು ಏನೆಂದು ಲ್ಯಾಬಿನವರು ಹೇಳಿದರು: ಆಸಿಡ್ ಕಡಿಮೆಯಾದಾಗ ಹುಟ್ಟಿದ ಡಯಾಜೊ ಉಳಿದ ಅಮೈನ್‌ಗೆ ಅಂಟಿಕೊಂಡು ಹೀಗಾಗುತ್ತದೆ. ಪುಸ್ತಕದಲ್ಲೂ ಅದೇ ಇದೆ. ಟ್ಯಾಂಕಿನ ಆಸಿಡ್ ತೆಗೆದು ಪರೀಕ್ಷಿಸಿದರೆ ಬಲ ಮಿತಿಯ ಕೆಳತುದಿಯಲ್ಲಿತ್ತು, ಆದರೆ ಮಿತಿಯೊಳಗೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಅದೇ ಟ್ಯಾಂಕಿನ ಆಸಿಡ್, ಅದೇ ಅಳತೆಯಲ್ಲಿ, ಹತ್ತು ಹೆಜ್ಜೆ ಆಚೆ ಹಳೇ ರಿಯಾಕ್ಟರಿಗೆ ಹೋಗುತ್ತಿತ್ತು. ಅಲ್ಲಿ ಬ್ಯಾಚ್ ಮೇಲೆ ಬ್ಯಾಚ್ ತಿಳಿಯಾಗಿ ಬರುತ್ತಿತ್ತು. ಹಾಗಾಗಿ ಕಾರಣಗಳ ಪಟ್ಟಿಯಲ್ಲಿ ಆಸಿಡ್ ಎಂಬ ಪದದ ಮೇಲೆ ನಾನೇ ಗೆರೆ ಎಳೆದೆ.

ಮೂರು ವರ್ಷದ ಬ್ಯಾಚ್ ಶೀಟುಗಳನ್ನು ಟೇಬಲ್ ಮೇಲೆ ಹರಡಿಕೊಂಡೆ. ಎಲ್ಲ ಶೀಟಿನಲ್ಲೂ ಆಸಿಡ್ ಒಂದೇ ಅಂಕಿ, ಒಂದು ಲೀಟರ್ ಆಚೀಚೆ ಇಲ್ಲ. ಆ ಶಿಸ್ತು ನೋಡಿ ನಾನು ಹೆಮ್ಮೆಪಟ್ಟೆ. ಪುಣೆಯವನನ್ನೂ ಕರೆದು ತೋರಿಸಿದೆ. ಮೂರು ಪಾಳಿ, ಎಂಟು ಹತ್ತು ಕೈ, ಬೇಸಿಗೆ, ಚಳಿಗಾಲ, ಎಲ್ಲದರಲ್ಲೂ ಒಂದೇ ಅಂಕಿ ಬರಲು ಹೇಗೆ ಸಾಧ್ಯ ಎಂದು ಅನುಮಾನ ಪಡಬೇಕಿತ್ತು. ಪಡಲಿಲ್ಲ.

ಪ್ಲಾಂಟ್ ಹೆಡ್ ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯ ಅಲ್ಲ. ಮೇಲಿನವರು ಅವರನ್ನು ಅರೆಯುತ್ತಿದ್ದರು, ಅವರು ನನ್ನನ್ನು. "ಈ ತಿಂಗಳ ಕೊನೆ ಒಳಗೆ ಮೂರು ದಿನ ನಿಲ್ಲದೆ ಓಡಬೇಕು. ಆಗಲಿಲ್ಲ ಅಂದ್ರೆ ಪ್ಯಾಕ್ ಮಾಡಿ ವಾಪಸ್ ಕಳಿಸ್ತಾರೆ. ಪ್ರಪೋಸಲ್‌ನಲ್ಲಿ ನಿಮ್ಮ ಹೆಸರಿದೆ, ಮರೀಬೇಡಿ," ಎಂದರು.

ಬೇರೆ ದಾರಿ ಕಾಣದೆ, ಮರುದಿನ ಬೆಳಿಗ್ಗೆ ಮೊದಲ ಪಾಳಿಗೆ ಹಳೇ ಕಡೆ ಹೋದೆ. ಒಂದು ಬ್ಯಾಚನ್ನು ಆದಿಯಿಂದ ಅಂತ್ಯದವರೆಗೆ ಕಣ್ಣಲ್ಲಿ ನೋಡೋಣ, ಅಲ್ಲಿ ಇದ್ದು ಇಲ್ಲಿ ಇಲ್ಲದ್ದು ಏನಾದರೂ ಸಿಕ್ಕೀತು ಎಂದುಕೊಂಡೆ. ಹಾಗೆ ಪೂರ್ತಿ ನಿಂತು ನೋಡಿ ವರ್ಷಗಳೇ ಆಗಿದ್ದವು. ಕುಣಿಗಲ್ ಕಡೆಯ ಶಿಫ್ಟ್ ಬಸ್ಸು ಬಂತು. ಹಿರಿಯ ಆಪರೇಟರ್ ಮೇಲೆ ಹತ್ತಿ ಬಂದು, ನನ್ನನ್ನೂ ನನ್ನ ಕೈಲಿದ್ದ ನೋಟ್ ಪುಸ್ತಕವನ್ನೂ ನೋಡಿ, ಕೈಗವಸು ಹಾಕಿಕೊಂಡರು. ಕೆಳಗೆ ಗೋಣಿಚೀಲದಲ್ಲಿ ಸುತ್ತಿದ ಐಸ್ ಗಡ್ಡೆಗಳನ್ನು ಮರದ ಕೊಡತಿಯಿಂದ ಒಡೆಯುವ ಸದ್ದು ಶುರುವಾಯಿತು.

ಆಸಿಡ್ ಅಳೆಯುವುದಕ್ಕೆ ಕಟ್ಟೆಯ ಮೇಲೆ ಒಂದು ಪುಟ್ಟ ಟ್ಯಾಂಕು. ಅದರ ಪಕ್ಕದಲ್ಲಿ ಮಟ್ಟ ತೋರಿಸುವ ಗಾಜಿನ ಕೊಳವೆ, ಕೊಳವೆಯ ಮೇಲೆ ಕೆಂಪು ಬಣ್ಣದ ಗೆರೆ. ಅವರು ವಾಲ್ವ್ ತೆರೆದರು. ಆಸಿಡ್ ಏರಿ ಸರಿಯಾಗಿ ಗೆರೆಗೆ ಬಂದಾಗ ನಿಲ್ಲಿಸಿದರು. ಆಮೇಲೂ ಒಂದೆರಡು ಕ್ಷಣ ಅವರ ಕೈ ವಾಲ್ವಿನ ಮೇಲೇ ಇತ್ತು. ನಾನು ನೋಟ್ ಪುಸ್ತಕದಲ್ಲಿ ಸಮಯ ಬರೆದುಕೊಂಡೆ. ಅವರು ಕೈ ತೆಗೆದರು.

ಐಸ್ ಬಿತ್ತು, ಮುಳ್ಳು ಇಳಿಯಿತು, ನೈಟ್ರೈಟ್ ಸಣ್ಣಗೆ ಇಳಿಯತೊಡಗಿತು. ಅರ್ಧ ಮುಗಿಯುವ ಹೊತ್ತಿಗೆ ಅವರು ರಿಯಾಕ್ಟರಿನ ಗಾಜಿನ ಕಿಂಡಿಗೆ ಟಾರ್ಚ್ ಹಿಡಿದು, "ಥತ್," ಎಂದರು. ನಾನೂ ಬಗ್ಗಿ ನೋಡಿದೆ. ತಿಳಿಯಾಗಿ ಇರಬೇಕಾದ್ದು ಹಳದಿಗೆ ತಿರುಗಿ ಕದಡಿಹೋಗಿತ್ತು. ಎರಡು ವಾರದಿಂದ ನಾನು ಕಡ್ಡಿಯಲ್ಲಿ ಕೆರೆಯುತ್ತಿದ್ದ ಅದೇ ಹಳದಿ.

"ಏನಾಯ್ತು?" ಎಂದೆ.

ಅವರು ನೈಟ್ರೈಟ್ ನಿಲ್ಲಿಸಿದರು. ಮತ್ತೆ ಆಸಿಡ್ ವಾಲ್ವ್ ತೆರೆದು, ಕೈಗವಸಿನ ನಾಲ್ಕು ಬೆರಳನ್ನು ಗಾಜಿನ ಕೊಳವೆಗೆ ಅಡ್ಡ ಹಿಡಿದು, ಅಷ್ಟು ಎತ್ತರದ ಆಸಿಡನ್ನು ರಿಯಾಕ್ಟರಿಗೆ ಇಳಿಸಿದರು. ಹತ್ತು ನಿಮಿಷಕ್ಕೆ ಕದಡು ಸ್ವಲ್ಪ ತಿಳಿಯಾಯಿತು.

"ಮೇಡಂ ನಿಂತವ್ರಲ್ಲ ಅಂತ ಗೆರೆಗೇ ನಿಲ್ಲಿಸ್ದೆ. ತಪ್ಪಾಯ್ತು," ಎಂದರು.

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. "ದಿನಾ ಎಷ್ಟು ಹಾಕ್ತೀರಿ?"

"ಗೆರೆ ಗಂಟ, ಆಮ್ಯಾಕ್ ನಾಕ್ ಬೆರ್ಳು ಕೊಸ್ರು."

"ಎಷ್ಟು ವರ್ಷದಿಂದ?"

"ಅದ್ಯಾಕ್ ಬುಡಿ ಮೇಡಂ. ನಾನ್ ಸೇರ್ದಾಗ್ಲಿಂದ ಅಂತ್ಲೇ ಇಟ್ಕಳಿ. ಒಂದ್ ಬ್ಯಾಸ್ಗೇಲಿ ಆಸಿಡ್ ಸಪ್ಪೆ ಬತ್ತಿತ್ತು. ಬ್ಯಾಚ್‌ಗಳು ಹಿಂಗೇ ಕೆಡ್ತಿದ್ವು. ಮ್ಯಾಲಿನೋರ್ಗೆ ಹೇಳುದ್ರೆ ಸರ್ಟಿಫಿಕೇಟ್ ಸರಿ ಐತೆ, ನಿಮ್ ಕೈಯೇ ಸರಿ ಇಲ್ಲ ಅಂದ್ರು. ನಾನು ಕೊಸ್ರು ಹಾಕ್ದೆ. ಆವತ್ನಿಂದ ಒಂದೂ ಕೆಟ್ಟಿಲ್ಲ. ಬಂದೋರ್ಗೆಲ್ಲ ಹಂಗೇ ಹೇಳ್ಕೊಟ್ಟೆ."

"ಶೀಟಲ್ಲಿ ಮತ್ತೆ?"

"ಶೀಟಲ್ಲಿ ಶೀಟಲ್ಲಿರೋದೇ ಬರೀತೀವಿ. ಬ್ಯಾರೆ ಬರುದ್ರೆ ಮೆಮೋ ಕೊಡಲ್ವಾ?"

ಗುಬ್ಬಿ ಸಂತೆಯಲ್ಲಿ ನನ್ನಮ್ಮ ತೂಕ ಆದಮೇಲೆ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಚೀಲದ ಬಾಯಿ ಮುಚ್ಚಿದವಳೇ ಅಲ್ಲ. ನಮ್ಮ ಕಡೆ ತೂಕ ಅಂದರೆ ತೂಕ ಮತ್ತು ಕೊಸರು ಎರಡೂ ಸೇರಿಯೇ. ಅದು ಗೊತ್ತಿದ್ದ ಊರಿನವಳು ನಾನು, ಆದರೂ ಕೆಂಪು ಗೆರೆಯನ್ನು ನಂಬಿ ಕೂತಿದ್ದೆ. ಪ್ರತಿ ತಿಂಗಳು ಆಸಿಡ್ ದಾಸ್ತಾನಿನಲ್ಲಿ ಕೊರತೆ ಬರುತ್ತಿತ್ತು. ಹೊಗೆಯಾಗಿ ಹೋಗಿದೆ, ಟ್ಯಾಂಕರಿನವನು ಕಡಿಮೆ ಕೊಟ್ಟಿದ್ದಾನೆ ಎಂದು ನಷ್ಟದ ಚೀಟಿ ಬರೆದು ಸ್ಟೋರಿನವರು ನನ್ನ ಹತ್ತಿರ ತರುತ್ತಿದ್ದರು. ಸಹಿ ಹಾಕುತ್ತಿದ್ದವಳು ನಾನು. ಆ ಹೊಗೆ ಎಲ್ಲಿಗೆ ಹೋಗುತ್ತಿತ್ತು ಎಂದು ಆವತ್ತು ತಿಳಿಯಿತು.

ಕೆಳಗೆ ಬಂದು ಮಾಡ್ಯೂಲಿನ ಪ್ಯಾನೆಲ್‌ನಲ್ಲಿ ಆಸಿಡ್ ಪಂಪಿನ ಪ್ರಮಾಣವನ್ನು ಏರಿಸಿದೆ. ಎಷ್ಟು ಏರಿಸಬೇಕೆಂದು ಪುಣೆಯವನು ಕೇಳಿದ. ಗಾಜಿನ ಕೊಳವೆಯ ಮೇಲೆ ಆಪರೇಟರ್ ಕೈಯನ್ನೇ ಇರಿಸಿ, ಸ್ಕೇಲಿನಲ್ಲಿ ಅಳೆದು, ಟ್ಯಾಂಕಿನ ತಳದ ವಿಸ್ತೀರ್ಣಕ್ಕೆ ಗುಣಿಸಿ ಲೀಟರಿಗೆ ತಂದೆವು. ನೂರಕ್ಕೆ ಹನ್ನೊಂದು ಜಾಸ್ತಿ. ಮೂರು ಗಂಟೆ ಕಳೆಯಿತು, ಒತ್ತಡದ ಗೆರೆ ಅಲುಗಲಿಲ್ಲ. ಆರು ಗಂಟೆ, ಒಂದು ದಿನ, ಮೂರು ದಿನ. ನಿಲ್ಲಿಸಿ ಬಿಚ್ಚಿದರೆ ಫಲಕಗಳು ತೊಳೆದಿಟ್ಟ ತಟ್ಟೆಯಂತೆ ಇದ್ದವು. ಪುಣೆಯವನು ನನ್ನ ಕೈ ಕುಲುಕಿದ. ಹಿರಿಯ ಆಪರೇಟರ್ ಕಡೆಗೂ ಕೈ ಚಾಚಿದ. ಅವರು ಕೈಗವಸು ಬಿಚ್ಚಿ, ಪ್ಯಾಂಟಿಗೆ ಒರೆಸಿ, ಆಮೇಲೆ ಕೈ ಕೊಟ್ಟರು. ಅವರ ಮುಖದಲ್ಲಿ ಸಂತೋಷ ಇತ್ತು. ತನ್ನ ಕೆಲಸವನ್ನು ತಾನೇ ಯಂತ್ರಕ್ಕೆ ಒಪ್ಪಿಸಿ ಕೊಟ್ಟ ಮನುಷ್ಯನ ಮುಖದಲ್ಲಿ ಅಷ್ಟು ಸಂತೋಷ ನೋಡಲಾರದೆ ನಾನು ಪ್ಯಾನೆಲ್ ಕಡೆ ತಿರುಗಿದೆ.

ಉಳಿದದ್ದು ವರದಿ. ಆಸಿಡ್ ಪ್ರಮಾಣ ಬದಲಾಯಿಸಿದ್ದಕ್ಕೆ ಕಾರಣ ಬರೆಯಬೇಕು, ಕಾರಣ ಇಲ್ಲದೆ ಒಂದು ಅಂಕಿಯನ್ನೂ ಬದಲಾಯಿಸುವ ಹಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಎರಡು ಪುಟ ಬರೆದೆ, ಆಪರೇಟರ್ ಹೆಸರು ಸಮೇತ. ಪ್ಲಾಂಟ್ ಹೆಡ್ ಮುಂದೆ ಇಟ್ಟೆ. ಅವರು ಓದಿ, ಎದ್ದು ಹೋಗಿ, ಬಾಗಿಲು ಹಾಕಿಕೊಂಡು ಬಂದರು.

"ಇದು ಆಚೆ ಹೋದ್ರೆ ಏನಾಗತ್ತೆ ಗೊತ್ತಾ? ಇಷ್ಟು ವರ್ಷದ ಶೀಟೆಲ್ಲ ಸುಳ್ಳು ಅಂತ ನಾವೇ ಬರೆದು ಕೊಟ್ಟ ಹಾಗೆ. ಔಷಧಿ ಕಂಪನಿ ಆಡಿಟ್‌ನವರು ಮೊದಲು ಆ ಆಪರೇಟರ್‌ನ ಕೇಳ್ತಾರೆ. ರೆಕಾರ್ಡ್ ತಿದ್ದಿದಾನೆ ಅಂತ ಡಿಸ್ಮಿಸ್ ಮಾಡ್ಬೇಕಾಗತ್ತೆ. ಪಾಪ, ಬರಬೇಕಾದ ದುಡ್ಡೂ ಬರಲ್ಲ ಅವನಿಗೆ."

ನಾನು ಆ ಎರಡು ಪುಟವನ್ನು ನನ್ನ ಕಡೆಗೆ ಎಳೆದುಕೊಂಡೆ.

"ಎರಡನೇದಾಗಿ ಕೇಳೋದು, ಲಾಸ್ ಚೀಟಿಗೆ ಸೈನ್ ಯಾರದ್ದು ಅಂತ."

ಅದನ್ನು ಅವರು ಹೆದರಿಸಲು ಹೇಳಲಿಲ್ಲ. ಟೀ ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದರು.

"ಲ್ಯಾಬ್‌ನಲ್ಲಿ ಸ್ಟಡಿ ಮಾಡಿದ್ವಿ, ಅದರಲ್ಲಿ ಗೊತ್ತಾಯ್ತು ಅಂತ ಬರೀರಿ. ಯಾರಿಗೂ ತೊಂದ್ರೆ ಇಲ್ಲ."

"ಅವರನ್ನ ಪ್ಯಾನೆಲ್‌ಗೆ ಹಾಕ್ಬೇಕು ಸರ್. ನಾನು ಮಾತು ಕೊಟ್ಟಿದೀನಿ."

"ನೋಡೋಣ, ನೋಡೋಣ."

ಎರಡು ಪುಟವನ್ನು ಹರಿದು ಹಾಕಿದೆ. ಲ್ಯಾಬಿನಲ್ಲಿ ಎರಡು ದಿನ ಕೂತು, ಗೊತ್ತಿದ್ದ ಉತ್ತರಕ್ಕೆ ಪ್ರಯೋಗಗಳನ್ನು ಮಾಡಿ, ಚಂದದ ಒಂದು ಗ್ರಾಫ್ ಎಳೆದೆ. ಅವರಿಗಾಗಿ ಮಾಡಿದೆ ಎಂದು ಆಗ ಹೇಳಿಕೊಂಡೆ. ಅರ್ಧ ಸುಳ್ಳು. ಇನ್ನರ್ಧ ನನ್ನ ಸಹಿಯ ಭಯ. ಯಾವ ಅರ್ಧ ದೊಡ್ಡದು ಎಂದು ನನಗೆ ಚೆನ್ನಾಗಿ ಗೊತ್ತು.

ಆಪರೇಟರ್‌ಗೆ ಹೋಗಿ ಹೇಳಿದೆ. "ನಿಮ್ಮ ಹೆಸರು ಎಲ್ಲೂ ಬರೆದಿಲ್ಲ. ನಿಮ್ಮ ಒಳ್ಳೇದಕ್ಕೇ. ಕೊಸರಿನ ವಿಷಯ ಯಾರ ಹತ್ರಾನೂ ಎತ್ತಬೇಡಿ."

"ಆಯ್ತು ಮೇಡಂ. ನೀವ್ ಹೇಳುದ್ ಮ್ಯಾಲೆ," ಎಂದರು. ಆವತ್ತು ನನಗೆ ಅವರ ಮನೆ ಹಿತ್ತಲಿನ ನಿಂಬೆಹಣ್ಣು ತಂದು ಕೊಟ್ಟರು, ಒಂದು ಕವರಿನ ತುಂಬ.

ಐಸಿನವರು ತಿಂಗಳ ಕೊನೆಗೆ ಹೋದರು. ಅವರು ಗುತ್ತಿಗೆಯವರು, ಒಂದು ಫೋನಿನಲ್ಲಿ ಮುಗಿಯಿತು. ಇಬ್ಬರಿಗೆ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ತೋಟದ ಕೆಲಸ ಸಿಕ್ಕಿತಂತೆ. ಉಳಿದವರ ಸುದ್ದಿ ನನಗೆ ಗೊತ್ತಿಲ್ಲ, ನಾನು ವಿಚಾರಿಸಲೂ ಇಲ್ಲ.

ಪ್ಯಾನೆಲ್ ಕೆಲಸಕ್ಕೆ ಜನ ಆರಿಸುವ ದಿನ ಎಚ್‌ಆರ್ ಮ್ಯಾನೇಜರ್ ನನ್ನನ್ನು ಕರೆದು ಪ್ರಸ್ತಾವದ ಪುಟವನ್ನು ಮುಂದಿಟ್ಟರು. ಡಿಪ್ಲೊಮಾ ಕಡ್ಡಾಯ. ನನ್ನದೇ ಸಾಲು.

"ಅನುಭವ ಇದೆ ಅವರಿಗೆ. ವಿನಾಯಿತಿ ಕೊಡಬಹುದಲ್ಲ?" ಎಂದೆ.

"ಕೊಡಬಹುದು. ಮಾಡ್ಯೂಲ್ ಕೆಲಸದಲ್ಲಿ ಇವರ ಪಾಲೇನು ಅಂತ ಎಲ್ಲಾದ್ರೂ ರೆಕಾರ್ಡ್ ಇದೆಯಾ? ಒಂದು ಮೇಲ್, ಒಂದು ನೋಟ್, ಏನಾದ್ರೂ? ವರದೀಲಿ ಇವರ ಹೆಸರೇ ಇಲ್ಲ."

ಇರಲಿಲ್ಲ. ಇದ್ದ ಎರಡು ಪುಟವನ್ನು ನಾನೇ ಹರಿದಿದ್ದೆ. ಈಗ ಹೇಳಿದರೆ ಕೊಸರಿನ ಕಥೆ ಪೂರ್ತಿ ಹೇಳಬೇಕು, ಲ್ಯಾಬಿನ ಗ್ರಾಫೂ ಸುಳ್ಳು ಎನ್ನಬೇಕು. ಪ್ಲಾಂಟ್ ಹೆಡ್ ಬಳಿಗೆ ಹೋದೆ. ಅವರು ಫೋನ್ ಕೆಳಗಿಡದೆ ಕೈಸನ್ನೆಯಲ್ಲೇ ಆಮೇಲೆ ಎಂದರು. ಆ ಆಮೇಲೆ ಬರಲೇ ಇಲ್ಲ. ಪಾಳಿಗೆ ಮೂವರಂತೆ, ತುಮಕೂರಿನಲ್ಲೇ ಡಿಪ್ಲೊಮಾ ಮಾಡಿದವರು ಬಂದರು. ಚುರುಕು ಹುಡುಗಿಯರು, ಅವರದ್ದೇನೂ ತಪ್ಪಿಲ್ಲ. ಹಿರಿಯ ಆಪರೇಟರ್‌ಗೆ ಸ್ವಇಚ್ಛೆಯ ನಿವೃತ್ತಿಯ ಕಾಗದ ಕೊಟ್ಟರು. ಇಚ್ಛೆ ಯಾರದ್ದು ಎಂದು ಕಾಗದದಲ್ಲಿ ಬರೆದಿರಲಿಲ್ಲ.

ನಾಲ್ಕು ದಿನ ನಾನು ಅವರ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ. ಐದನೇ ದಿನ ಅವರೇ ನನ್ನ ರೂಮಿಗೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕುಣಿಗಲ್ ಹತ್ತಿರದ ಒಂದು ಬಣ್ಣದ ಫ್ಯಾಕ್ಟರಿಯವರು ಮಿಕ್ಸಿಂಗ್ ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಿದ್ದಾರೆ, ಅಲ್ಲೂ ವಿಮೆ ಇದೆ, ಹಳೇ ಕಂಪನಿಯಿಂದ ಅನುಭವದ ಪತ್ರ ಕೇಳಿದ್ದಾರೆ ಎಂದರು. ಎಚ್‌ಆರ್‌ನಿಂದ ಪತ್ರ ಸಿದ್ಧವಾಗಿ ಬಂದಿತ್ತು, ವಿಭಾಗದ ಪರವಾಗಿ ನನ್ನ ಸಹಿ ಬಾಕಿ. ಎಲ್ಲರಿಗೂ ಕೊಡುವ ಅದೇ ಅಚ್ಚಿನ ಪತ್ರ, ಇಂಗ್ಲಿಷಿನಲ್ಲಿ. ಅದನ್ನೇ ಮುಂದಿಟ್ಟುಕೊಂಡೆ.

"ಏನ್ ಬರ್ದವ್ರೆ ಓದಿ ಮೇಡಂ," ಎಂದರು.

ಕನ್ನಡದಲ್ಲಿ ಹೇಳಿದೆ. ಇಂಥವರು ನಮ್ಮಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದಾರೆ. ತಮಗೆ ಒಪ್ಪಿಸಿದ ಎಲ್ಲ ಕೆಲಸವನ್ನೂ ಲಿಖಿತ ಸೂಚನೆಗಳ ಪ್ರಕಾರವೇ ಮಾಡಿದ್ದಾರೆ. ನಡತೆ ತೃಪ್ತಿಕರ.

"ಅಷ್ಟೇನಾ?"

"ಅಷ್ಟೇ."

ಅವರು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ಕೂರಿ ಎಂದರೂ ಕೂರಲಿಲ್ಲ. ನಗುತ್ತಲೇ ಹೇಳಿದರು.

"ಆ ಮಿಷಿನ್ ಕಟ್ಕಳದ್ನ ಬುಡಿಸ್ಕೊಟ್ಟ ಅಂತ ಒಂದ್ ಸಾಲು ಹಾಕಿ ಮೇಡಂ. ಆ ಬಣ್ಣದ್ ಫ್ಯಾಕ್ಟ್ರೀಲಿ ಡಿಪ್ಲೊಮಾ ಕೇಳ್ತಾವ್ರಂತೆ. ಅದಿದ್ರೆ ತಗಂತಾರೆ. ಬ್ಯಾರೆ ಏನೂ ಬ್ಯಾಡ. ಒಂದೇ ಸಾಲು. ಕೊಸ್ರು ಅನ್ಕಂಡ್ ಹಾಕ್ಬುಡಿ."

ಪೆನ್ನು ನನ್ನ ಕೈಯಲ್ಲೇ ಇತ್ತು. ಪತ್ರದ ಕೆಳಗೆ ಸಹಿಯ ಗೆರೆಗೂ ಕೊನೆಯ ಸಾಲಿಗೂ ನಡುವೆ ಜಾಗವೂ ಇತ್ತು, ಸುಮಾರು ನಾಲ್ಕು ಬೆರಳಿನಷ್ಟು. ಆ ಒಂದು ಸಾಲಿಗೆ ಯಾರಾದರೂ ನಾಳೆ ಅರ್ಥ ಕೇಳಿದರೆ? ಲ್ಯಾಬಿನ ಗ್ರಾಫ್, ನಷ್ಟದ ಚೀಟಿ, ನನ್ನ ಹೆಸರಿನ ಆ ಪ್ರಸ್ತಾವ, ಎಲ್ಲವೂ ಕಣ್ಣ ಮುಂದೆ ಬಂದವು. ಅವರ ಮೊಮ್ಮಗಳೂ ಬಂದಳು. ಸುಳ್ಳು ಹೇಳುವುದಿಲ್ಲ, ಅವಳೂ ಬಂದಳು.

"ಅಚ್ಚಿನ ಪತ್ರ ಇದು. ಇದರಲ್ಲಿ ಕೈಯಲ್ಲಿ ಬರೆಯೋ ಹಾಗಿಲ್ಲ," ಎಂದೆ.

"ಔದಾ," ಎಂದರು. "ಹಂಗಾರೆ ಸರಿ ಬುಡಿ."

ಗೆರೆಗೆ ಸರಿಯಾಗಿ ಸಹಿ ಹಾಕಿ, ಪತ್ರವನ್ನು ಅವರ ಕೈಗೆ ಕೊಟ್ಟೆ.